ಓಡಬಾರದ ಬೌಲರ್

ಮಲೇಷ್ಯಾದ ಬಾಂಗ್ಸಾರ್‌ನ ಕನ್ನಡಿಗರ ಮನೆಗಳಲ್ಲಿ ಕ್ಯಾಲಮ್‌ನ ಬೆನ್ನಿನ ಕತೆ ಗೊತ್ತಿಲ್ಲದವರಿಲ್ಲ. ಅವನ ಅತ್ತೆ ವಾರಿಜಾಕ್ಷಿ ಬಂದವರಿಗೆ ಮೊದಲು ಕಾಫಿ ಕೊಡುತ್ತಾರೆ, ಆಮೇಲೆ ಅಳಿಯನ ಎಕ್ಸ್‌ರೇ ತೋರಿಸುತ್ತಾರೆ. ಎಲುಬುಗಳ ನಡುವೆ ಎರಡು ಸ್ಕ್ರೂ. "ನಮ್ಮ ಇಂಚರನ ಗಂಡ. ಆಸ್ಟ್ರೇಲಿಯಾದ ಫಾಸ್ಟ್ ಬೌಲರ್," ಎಂದು ಉಡುಪಿಯ ಧಾಟಿಯಲ್ಲಿ ಹೇಳುವಾಗ, ಆ ಸ್ಕ್ರೂಗಳು ಅವನು ಗೆದ್ದ ಪದಕಗಳೇನೋ ಅನ್ನಿಸಬೇಕು.

ಬೌಲರ್ ಆಗಿದ್ದದ್ದು ಹೌದು. ಇಪ್ಪತ್ತೆರಡಕ್ಕೇ ಅಲ್ಲಿನ ರಾಜ್ಯ ತಂಡ ಸೇರಿದ್ದ. ಎರಡು ವರ್ಷದಲ್ಲಿ ಬೆನ್ನೆಲುಬು ಬಿರುಕು ಬಿಟ್ಟಿತು, ಕೂಡಿತು, ಮತ್ತೆ ಬಿರುಕು ಬಿಟ್ಟಿತು. ಕೊನೆಯ ಸಲ ಚೆಂಡು ಕೈಬಿಟ್ಟದ್ದೇ ಪಿಚ್ ಮೇಲೆ ಕುಸಿದ. ತಲೆಯೆತ್ತಿದಾಗ ಸ್ಟಂಪ್ ಉರುಳಿತ್ತು, ಔಟಾದವನೇ ಬಂದು ಭುಜ ಹಿಡಿದು ಎಬ್ಬಿಸುತ್ತಿದ್ದ. ಆಮೇಲೆ ಅವನು ಚೆಂಡು ಮುಟ್ಟಲಿಲ್ಲ. ಮಲೇಷ್ಯಾಕ್ಕೆ ಬಂದು ಶಾಲೆಯೊಂದರಲ್ಲಿ ಈಜು ಕಲಿಸುತ್ತಾ, ಅಲ್ಲೇ ಗಣಿತ ಕಲಿಸುವ ಇಂಚರಳನ್ನು ಮದುವೆಯಾದ. ಮೆಲ್ಲಗೆ ಬೌಲ್ ಮಾಡಬಹುದಲ್ಲ ಎಂದರೆ ಸುಮ್ಮನೆ ನಗುತ್ತಿದ್ದ. ವೇಗವಿಲ್ಲದೆ ಚೆಂಡು ಹಿಡಿದರೆ ತಾನು ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ.

ಈ ಸಲದ ರಾಜ್ಯೋತ್ಸವ ಪಂದ್ಯಕ್ಕೆ ಕನ್ನಡ ತಂಡದಲ್ಲಿ ಬೌಲರ್‌ಗಳೇ ಕಡಿಮೆಬಿದ್ದರು. ಕ್ಯಾಪ್ಟನ್ ಜನಾರ್ದನ, ಮಣಿಪಾಲದ ಕಡೆಯ ಬೆನ್ನುಮೂಳೆ ಡಾಕ್ಟರು. ಕ್ಯಾಲಮ್‌ನ ಬೆನ್ನು ನೋಡುವವರೂ ಅವರೇ.

"ಡಾಕ್ಟರಾಗಿ ಬೇಡ ಅಂತೀನಿ. ಕ್ಯಾಪ್ಟನ್ ಆಗಿ ಕಾಲು ಹಿಡೀತೀನಿ. ಒಂದೇ ಓವರ್ ಲಾ!" ಎಂದು ಮಲೇಷ್ಯಾದವರ ಧಾಟಿಯಲ್ಲಿ ‘ಲಾ’ ಸೇರಿಸಿ ಗೋಗರೆದರು.

ವಾರಿಜಾಕ್ಷಿ ಅಳಿಯನ ಮುಂದೆ ತಲೆ ಬಗ್ಗಿಸಿದರು. "ಓಡ್ಲಿಕ್ಕಿಲ್ಲ. ನನ್ನ ತಲೆ ಮುಟ್ಟಿ ಆಣೆ ಹಾಕು. ನೀನು ಓಡಿದ್ರೆ ನಾನು ಹೋದೆ ಅಂತ ಲೆಕ್ಕ. ಮತ್ತೆ ನೀರುದೋಸೆ ಯಾರು ಮಾಡಿಕೊಡ್ತಾರೆ ನೋಡುವ."

ಇಂಚರ ಅರ್ಥ ಹೇಳಿದಳು. ಕ್ಯಾಲಮ್ ಗಾಬರಿಯಿಂದ, ಎಣ್ಣೆ ಹಚ್ಚಿದ ಆ ತಲೆಯ ಮೇಲೆ ಕೈಯಿಟ್ಟ.

ಸೈಬರ್‌ಜಯಾದ ಮೈದಾನದಲ್ಲಿ ತಮಿಳು ಗೆಳೆಯರ ತಂಡದ ಎದುರು ಪಂದ್ಯ ಕೊನೆಯ ಓವರಿಗೆ ಬಂತು. ಅವರಿಗೆ ಬೇಕಿದ್ದದ್ದು ಐದೇ ರನ್. ಜನಾರ್ದನ ಚೆಂಡನ್ನು ಕ್ಯಾಲಮ್‌ಗೆ ಎಸೆದದ್ದೇ ಸೆಲ್ವಂ ಎಂಬ ಬ್ಯಾಟ್ಸ್‌ಮನ್ ಆಟ ನಿಲ್ಲಿಸಿ ಹೆಲ್ಮೆಟ್ ತರಿಸಿದ. ಕೀಪರ್ ಹಿಂದೆ ಸರಿಯುತ್ತಾ ಸರಿಯುತ್ತಾ ಕಾರುಗಳ ಹತ್ತಿರ ಹೋಗಿ ನಿಂತ.

ಕ್ಯಾಲಮ್ ನಡೆದು ಬಂದು, ಮಗುವಿಗೆ ಹಾಕುವ ಹಾಗೆ ಚೆಂಡು ಬಿಟ್ಟ. ಅದು ತಲುಪುವ ಮೊದಲೇ ಸೆಲ್ವಂ ಬ್ಯಾಟ್ ಬೀಸಿ ಮುಗಿಸಿದ್ದ. ಚೆಂಡು ಆರಾಮಾಗಿ ಬಂದು ಬೇಲ್ಸ್ ಕೆಡವಿತು.

"ಎನ್ನ ಸಾರ್ ಇದು!" ಏನಿದು ಎಂದು ತಮಿಳಿನಲ್ಲಿ ಕೇಳುತ್ತಾ ಸೆಲ್ವಂ ಹೆಲ್ಮೆಟ್ ತೆಗೆದು ನಕ್ಕ.

ಗದ್ದಲವೋ ಗದ್ದಲ. ಕ್ಯಾಲಮ್‌ನ ಮೈಯಲ್ಲಿ ಹಳೆಯ ಬಿಸಿ ಏರಿತು. ಕಾಲುಗಳು ತಾವಾಗಿಯೇ ಹಿಂದಕ್ಕೆ ನಡೆದವು, ದೂರ, ಇನ್ನೂ ದೂರ, ಒಬ್ಬ ಫಾಸ್ಟ್ ಬೌಲರ್ ಓಟ ಶುರುಮಾಡುವ ಜಾಗದವರೆಗೆ. ತಿರುಗಿದ. ಜನಾರ್ದನ ಕಣ್ಣು ಮುಚ್ಚಿಕೊಂಡಿದ್ದರು. ಗೆರೆಯಾಚೆ ವಾರಿಜಾಕ್ಷಿ ಕೊಡೆ ಕೆಳಗೆ ಹಾಕಿ, ಎರಡೂ ಕೈಯಲ್ಲಿ ತಲೆಯನ್ನು ಭದ್ರವಾಗಿ ಹಿಡಿದುಕೊಂಡು ಕೂತಿದ್ದರು.

ಅವನಿಗೆ ನಗು ತಡೆಯಲಾಗಲಿಲ್ಲ. ಅಷ್ಟು ದೂರದಿಂದಲೂ ನಡೆದೇ ಬಂದ. ಹೊಸ ಬ್ಯಾಟ್ಸ್‌ಮನ್ ಕಾದ, ಇನ್ನೂ ಸ್ವಲ್ಪ ಕಾದ, ಎತ್ತಿ ಬಾರಿಸಿದ. ಚೆಂಡು ರಸ್ತೆಯಾಚೆ ತಮಿಳು ಮುಸ್ಲಿಮರ ಮಮಕ್ ಹೋಟೆಲಿನ ತಗಡಿನ ಮೇಲೆ ಢಣ್ ಎಂದಿತು. ಪಂದ್ಯ ಹೋಯಿತು.

"ಎಂಥ ಬೌಲಿಂಗ್ ಮಾರಾಯ! ನಾನೇ ಹೊಡೀತಿದ್ದೆ," ಎಂದು ವಾರಿಜಾಕ್ಷಿ ತಲೆಯಿಂದ ಕೈ ತೆಗೆದರು.

"ಮುಂದಿನ ಭಾನುವಾರ ಬನ್ನಿ ಅತ್ತೆ," ಕ್ಯಾಲಮ್ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ. "ನಾನು ಹಾಕ್ತೀನಿ. ನೀವು ಹೊಡೀರಿ."

ಆಮೇಲೆ ಚೆಂಡು ತರಲು ತಾನೇ ರಸ್ತೆಯತ್ತ ಹೊರಟ, ನಡೆದುಕೊಂಡು.