ಶೌಕಿ ಮೇಸ್ತ್ರಿಯ ಹೇಳಿಕೆ

ಅಲೆಕ್ಸಾಂಡ್ರಿಯಾದ ನಮ್ಮ ಕಟ್ಟಡ ಕಂಟ್ರಾಕ್ಟ್ ಕಂಪನಿಯಲ್ಲಿ ಶೌಕಿ ಕಾಂಕ್ರೀಟಿಗೆ ಹಲಗೆ ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿ, ನಾನು ಆಫೀಸ್ ಗುಮಾಸ್ತ. ಹಲಗೆಯ ಮೇಲೆ ಕಾಲಿಟ್ಟ ಸದ್ದಿನಲ್ಲೇ ಎಲ್ಲಿ ಮೊಳೆ ಸಡಿಲವಾಗಿದೆಯೆಂದು ಅವನು ಹೇಳಬಲ್ಲ. ಓದುಬರಹ ಮಾತ್ರ ಅಷ್ಟಕ್ಕಷ್ಟೆ. ಮೇಸ್ತ್ರಿಯಾದ ಮೇಲೂ ಬಡಗಿಗಳ ಜೊತೆ ಒಂದೇ ತಟ್ಟೆಯಲ್ಲಿ ಬೇಯಿಸಿದ ಕಾಳು, ರೊಟ್ಟಿ ತಿನ್ನುತ್ತಿದ್ದ.

ಆ ವರ್ಷ ಕಡಲ ದಂಡೆಯಲ್ಲಿ ಹನ್ನೆರಡು ಮಹಡಿ ಏಳುತ್ತಿತ್ತು. ಮೇಲೆ ಗಾಳಿ ಆಳನ್ನೇ ತಳ್ಳುವಂಥದ್ದು. ಸೇಫ್ಟಿ ಬೆಲ್ಟ್ ಬೇಕೆಂದು ಶೌಕಿ ಮೂರು ಸಲ ನನ್ನಿಂದ ಚೀಟಿ ಬರೆಸಿದ. ಧಣಿ ಹಾಜ್ ಗಲಾಲ್ ಪ್ರತಿ ಸಲವೂ ಮುಂದಿನ ವಾರ ಎಂದರು. ಫೆಬ್ರವರಿಯ ಒಂದು ಬೆಳಿಗ್ಗೆ, ದೂರದ ಸೊಹಾಗ್ ಕಡೆಯ ಅವದ್ ಎಂಬ ಬಡಗಿ ಒಂಬತ್ತನೇ ಮಹಡಿಯಿಂದ ಬಿದ್ದು ಸತ್ತ.

ಪೊಲೀಸರಿಗಿಂತ ಮೊದಲು ಬೆಲ್ಟುಗಳ ಪೆಟ್ಟಿಗೆ ಬಂತು. ಹಾಜ್ ಶೌಕಿಯನ್ನು ಆಫೀಸಿಗೆ ಕರೆಸಿದರು.

“ಬೆಲ್ಟ್ ಕೊಟ್ಟಿದ್ವಿ, ಅವನೇ ಬಿಚ್ಚಿಟ್ಟ ಅಂತ ಒಂದು ಸಹಿ ಹಾಕು, ಮೇಸ್ತ್ರಿ. ಸತ್ತೋನಿಗೆ ಇನ್ನೇನು ನಷ್ಟ? ಸೈಟ್ ಮುಚ್ಚಿದ್ರೆ ಅರವತ್ತು ಮನೆ ಒಲೆ ಆರುತ್ತೆ. ನಿನ್ನ ಮನೆದೂ ಸೇರಿ.”

ಶೌಕಿ ನನ್ನ ಕಡೆ ತಿರುಗಿದ. “ಉಸ್ತಾದ್ ಫಿಕ್ರಿ, ನೀವೇ ಹೇಳಿ. ಚೀಟಿ ಬರೆದೋರು ನೀವಲ್ವಾ?”

“ಯಾವ ಚೀಟಿ?” ಎಂದೆ.

ಮೂರನ್ನೂ ಅರ್ಧ ಗಂಟೆಯ ಹಿಂದಷ್ಟೇ ಹಾಜ್ ಎದುರಿನಲ್ಲಿ ಹರಿದಿದ್ದೆ. ನನಗೂ ಮನೆಯಿತ್ತು. ಶೌಕಿ ನನ್ನ ಮುಖ ನೋಡಿದ. ಆಮೇಲೆ ನಾನು ಟೈಪ್ ಮಾಡಿದ ಹಾಳೆಯ ಕೆಳಗೆ ಸಹಿ ಹಾಕಿದ.

ಅವದ್‌ನ ಬಟ್ಟೆ, ಉಳಿ, ಸುತ್ತಿಗೆ ತಲುಪಿಸಲು ಶೌಕಿಯೇ ಸೊಹಾಗಿಗೆ ರೈಲು ಹತ್ತಿದ. ಅಲ್ಲಿ ನಡೆದದ್ದನ್ನು ಎಷ್ಟೋ ತಿಂಗಳ ಮೇಲೆ, ನನ್ನ ಮುಖ ನೋಡದೆ ಹೇಳಿದ. ಅವದ್‌ನ ತಮ್ಮ ಜಗಳಕ್ಕೇ ನಿಂತಿದ್ದನಂತೆ. ಅಣ್ಣ ಬೆಲ್ಟ್ ಬಿಚ್ಚುವವನಲ್ಲ, ಕಂಪನಿ ಸುಳ್ಳು ಹೇಳುತ್ತಿದೆ ಎಂದನಂತೆ. ವಿಧವೆ ಹನಿಯ್ಯಾ ಮೈದುನನನ್ನು ತಡೆದಳು.

“ಸುಮ್ನಿರು. ಮೇಸ್ತ್ರಿ ಅಂದ್ರೆ ನಿಮ್ಮಣ್ಣಂಗೆ ಪ್ರಾಣ. ಇವರ ಬಾಯಿಂದ ಕೇಳ್ತೀನಿ,” ಎಂದು ಅವಳು ಶೌಕಿಯ ಕಡೆ ತಿರುಗಿದಳು. “ಅವರೇ ಬೆಲ್ಟ್ ಬಿಚ್ಚಿದ್ರಾ, ಅಣ್ಣಾ?”

“ಬಿಚ್ಚಿದ್ದ, ತಾಯಿ,” ಎಂದ ಶೌಕಿ.

ಅವಳು ನಂಬಿದಳು. ಚಹಾ ಮಾಡಿ ಕೊಟ್ಟಳು. ಅವನು ಕುಡಿದ. ಕೋರ್ಟಿಗೆ ಹೋಗಬೇಕೆಂಬ ಮಾತು ಆ ಮನೆಯಲ್ಲಿ ಅಲ್ಲಿಗೇ ನಿಂತಿತು.

ಹಾಜ್ ಅವನನ್ನು ಮೂರು ಸೈಟುಗಳಿಗೆ ದೊಡ್ಡ ಮೇಸ್ತ್ರಿ ಮಾಡಿದರು. ಬಡಗಿಗಳು ಅವನ ಮಾತು ಮೀರುತ್ತಿರಲಿಲ್ಲ. ಆದರೆ ಅವನು ಊಟಕ್ಕೆ ಬಂದು ಕುಳಿತರೆ ಕೈ ತೊಳೆಯುವ ನೆಪದಲ್ಲಿ ಒಬ್ಬೊಬ್ಬರೇ ಏಳುತ್ತಿದ್ದರು. ನನ್ನನ್ನು ಕಂಡು ಯಾರೂ ಏಳಲಿಲ್ಲ. ಗುಮಾಸ್ತನ ಲೆಕ್ಕ ಯಾರಿಗೆ?

ಎರಡು ವರ್ಷ ಹೀಗೆ ನಡೆಸಿ ಶೌಕಿ ಕೆಲಸ ಬಿಟ್ಟ. ಹಾಜ್ ಹೇಳಿದಂತೆ ಪ್ರಶಂಸಾ ಪತ್ರ ಟೈಪ್ ಮಾಡಿದೆ. “ಓದಿ ಹೇಳಿ,” ಎಂದ ಶೌಕಿ. ಪ್ರಾಮಾಣಿಕ, ನಂಬಿಗಸ್ತ, ಕೆಲಸಗಾರರ ಹಿತೈಷಿ ಎಂದು ಓದುತ್ತಾ ಹೋದೆ. ತಲೆಯೆತ್ತಿದಾಗ ಅವನು ಗೇಟು ದಾಟುತ್ತಿದ್ದ.