ದ್ವಾರಕಾ ಅಕ್ಕೋರ ಚಿಂದಿ ಗಂಟು

ಭಾನುವಾರ ಸಂಜೆ ಸೊಲ್ಲಾಪುರದ ಬಸ್ಸು ಅಕ್ಕಲಕೋಟಕ್ಕೆ ಬಂದು ನಿಂತರೆ, ಎಲ್ಲರೂ ಇಳಿದ ಮೇಲೆ ಕೊನೆಗೆ ಒಂದು ದೊಡ್ಡ ಗಂಟು ಇಳಿಯುತ್ತಿತ್ತು. ಗಂಟಿನ ಹಿಂದೆ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ದ್ವಾರಕಾಬಾಯಿ ಅಕ್ಕೋರು ಇಳಿಯುತ್ತಿದ್ದರು.

"ಅಕ್ಕೋರ, ಇದಕ್ಕೂ ಒಂದು ಟಿಕೀಟ ತಗೀಬೇಕಾಕ್ಕೈತಿ ನೋಡ್ರಿ," ಎಂದು ಕಂಡಕ್ಟರ ಚೇಷ್ಟೆ ಮಾಡಿದರೆ, "ತಗೀತೀನೋ ಮಾರಾಯಾ, ಮೊದಲ ಅದಕ್ಕ ಕೂಡಲಿಕ್ಕೆ ಜಾಗಾ ಕೊಡು," ಎನ್ನುತ್ತಿದ್ದರು.

ಗಂಟಿನಲ್ಲಿ ಇರುತ್ತಿದ್ದದ್ದು ಚಿಂದಿ. ಗಿರಣಿಯಲ್ಲಿ ಬಟ್ಟೆಯ ಥಾನು ಕತ್ತರಿಸುವಾಗ ಉಳಿದ ಅಂಚು, ಬಣ್ಣ ತಪ್ಪಿದ ತುಂಡು, ನೂಲು ಹರಿದ ಚಾದರಿನ ಮೂಲೆ. ಸೊಲ್ಲಾಪುರದಲ್ಲಿ ಅದನ್ನು ತೂಕಕ್ಕೆ ಮಾರುತ್ತಿದ್ದರು. ಅಕ್ಕೋರು ವಾರವಿಡೀ ಮೂರನೆಯ ತಾಸಿಗೆ ಗಣಿತ ಕಲಿಸಿ, ಭಾನುವಾರ ಆ ಓಣಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತಕ್ಕಡಿಯವನೊಡನೆ ಅದೇ ಗಣಿತಕ್ಕೆ ಜಗಳವಾಡುತ್ತಿದ್ದರು.

ಅವರು ಸೊಲ್ಲಾಪುರದ ಕಾರಕೂನರ ಮನೆಯ ಮಗಳು. ಹದಿನಾರಕ್ಕೆ ಗಂಡ ಸತ್ತ. ಆತನ ಮುಖವೇ ಸರಿಯಾಗಿ ನೆನಪಿರಲಿಲ್ಲ. ಕುಂಕುಮ ಹೋದ ಮೇಲೆ ಅವರ ಕೈಗೆ ಪುಸ್ತಕ ಬಂತು. ತಂದೆ ಅಳುತ್ತಲೇ ಸಾಲಿಗೆ ಹಚ್ಚಿದರು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಿದರು, ಅಕ್ಕೋರ ಟ್ರೇನಿಂಗಿಗೆ ಕಳಿಸಿದರು. ಗಂಡ ಬದುಕಿದ್ದರೆ ಈ ಮೂರರಲ್ಲಿ ಒಂದೂ ಆಗುತ್ತಿರಲಿಲ್ಲ. ಅಕ್ಕೋರಿಗೆ ಇದು ಗೊತ್ತಿತ್ತು, ಮತ್ತು ಇದನ್ನು ನೆನೆದಾಗಲೆಲ್ಲ ಅವರಿಗೆ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಮಾತ್ರ ಹೇಳಲು ಬರುತ್ತಿರಲಿಲ್ಲ.

ಅಕ್ಕಲಕೋಟದ ಒಂದು ವಾಡೆಯಲ್ಲಿ ಅವರದು ಒಂದೇ ಖೋಲಿ. ಚಹಾದ ಕಟ್ಟಿಗೆಯ ಖೋಕಾ ಒಡೆದು ಕಪಾಟು ಮಾಡಿದ್ದರು. ಹಿಟ್ಟಿನ ಚೀಲಕ್ಕೆ ಕಸೂತಿ ಹಾಕಿ ಕಿಟಕಿಗೆ ಪರದೆ ಬಿಟ್ಟಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಹಾಸಿಗೆ ಇದ್ದವರ ಮಾತು, ಅಕ್ಕೋರು ಮೊದಲು ಹಾಸಿಗೆಯನ್ನೇ ಹೊಲಿದುಕೊಳ್ಳಬೇಕಿತ್ತು. ಹೊಲಿದುಕೊಂಡರು, ಚಿಂದಿಯಿಂದಲೇ.

ಇನ್ನು ಸಾಲಿ. ಸಂಸ್ಥಾನ ಹೋಗಿ ಸರಕಾರ ಬಂದು ಏಳು ವರ್ಷವಾಗಿದ್ದರೂ ಹೆಣ್ಣುಮಕ್ಕಳ ಕನ್ನಡ ಸಾಲಿಗೆ ಸಿಕ್ಕಿದ್ದು ಒಂದು ಪಡಸಾಲೆ. ಐದು, ಆರು, ಏಳನೆಯ ಇಯತ್ತೆಗಳು ಅದರೊಳಗೇ. ಹುಡುಗಿಯರು ಬರುವಾಗ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು. ಕೂಸು ಅತ್ತರೆ ಲೆಕ್ಕ ನಿಲ್ಲುತ್ತಿತ್ತು, ಮತ್ತು ಒಂದಲ್ಲ ಒಂದು ಕೂಸು ಅಳುತ್ತಲೇ ಇರುತ್ತಿತ್ತು. ಅಕ್ಕೋರು ಹಳೆಯ ಧೋತರ ಹರಿದು ತೊಲೆಗೆ ಜೋಳಿಗೆ ಕಟ್ಟಿದರು. ಕೂಸುಗಳು ಅದರಲ್ಲಿ ತೂಗಿದವು, ಅಕ್ಕಂದಿರು ಹುಣಸೆಬೀಜ ಹರವಿಕೊಂಡು ಭಾಗಾಕಾರ ಮಾಡಿದರು. ತಪಾಸಣೆಗೆ ಬಂದ ಸಾಹೇಬರು ಮೇಲೆ ನೋಡಿ, "ಇದು ಸಾಲಿಯೋ, ಬಾಣಂತಿಕೋಣೆಯೋ?" ಎಂದು ನಕ್ಕು ಹೋದರು.

ಓದಿಸುತ್ತೇನೆ ಎಂದರೆ ತಾಯಂದಿರು ಬಾಗಿಲು ಮುಚ್ಚುತ್ತಿದ್ದರು. ಹೊಲಿಗೆ ಕಲಿಸುತ್ತೇನೆ ಎಂದರೆ ಕೈಹಿಡಿದು ತಂದು ಬಿಡುತ್ತಿದ್ದರು. ಅಕ್ಕೋರು ಬೆರಕಿ, ಲೆಕ್ಕ ಮುಗಿಸಿದವಳಿಗೇ ಸೂಜಿ ಎಂಬ ಕಾಯಿದೆ ಮಾಡಿದರು. ಹೀಗೆ ಸೂಜಿಯ ಆಸೆಗೆ ಬಂದು ಪುಸ್ತಕಕ್ಕೆ ಅಂಟಿಕೊಂಡವಳೇ ಗುರಮ್ಮ. ಊರ ಹೊರಗೆ ಕುರಿಹಟ್ಟಿ ಹಾಕಿಕೊಂಡಿದ್ದ ಹಣಮಂತಪ್ಪ, ಸುಗಲಾಬಾಯಿಯರ ಹಿರಿಯ ಮಗಳು. ಆ ಹಟ್ಟಿಗಳಿಂದ ಏಳನೆಯ ಇಯತ್ತೆಗೆ ಬಂದ ಹುಡುಗಿ ಅವಳೊಬ್ಬಳೇ. ಯುಗಾದಿ ಕಳೆದರೆ ಸೊಲ್ಲಾಪುರದಲ್ಲಿ ಮುಲ್ಕಿ ಪರೀಕ್ಷೆ. ಪಾಸಾದರೆ ಟ್ರೇನಿಂಗು, ಆಮೇಲೆ ನೌಕರಿ.

ಗಂಡ ಸಾಯದೆಯೂ ಒಬ್ಬ ಹೆಣ್ಣುಮಗಳು ಅಕ್ಕೋರಾಗಬಹುದು ಎಂದು ಈ ಊರಿಗೆ ತೋರಿಸಬೇಕು. ದ್ವಾರಕಾಬಾಯಿಗೆ ಬದುಕಿನಲ್ಲಿ ಉಳಿದಿದ್ದ ಹಟ ಇದೊಂದೇ.

ಆ ಚಳಿಗಾಲದಲ್ಲಿ ಇಬ್ಬರೂ ಸೇರಿ ಸಾಲಿಯ ಕೂಸುಗಳಿಗೆಂದು ಚಿಂದಿಯ ಒಂದು ಕೌದಿ ಹೊಲಿದರು. ಗುರಮ್ಮನ ಎಳೆ ಎಂದರೆ ಇರುವೆ ಸಾಲು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆ ಇಡುವುದು ಆ ಕಡೆಯ ಪದ್ಧತಿ, ಕೌದಿ ಹಸಿದಿರಬಾರದು ಎಂದು. ಗುರಮ್ಮ ಭಾರತ ಹುಣ್ಣಿಮೆಯ ಹೋಳಿಗೆ ತಂದಳು. ಅಕ್ಕೋರು ಅದನ್ನು ಮುರಿದು ಅರ್ಧ ಅವಳಿಗೆ ತಿನ್ನಿಸಿ, ಅರ್ಧ ತಾವು ತಿಂದು, "ಮೂಲಿ ಹಂಗ ಇರಲಿ. ನೀ ಪಾಸಾದ ದಿನಾ ಪೇಢೆ ಇಟ್ಟು ಮುಚ್ಚೋಣ," ಎಂದರು.

ಕೆಲವು ದಿನಗಳ ಮೇಲೆ ಸುಗಲಾಬಾಯಿಯೇ ಸಾಲಿಗೆ ಬಂದಳು.

"ಅಕ್ಕೋರ, ನಮ್ಮ ಗುರವ್ವ ಹೊಲದಿದ್ದ ಕೌದಿ ಒಂದಿನ ಕೊಡ್ರಿ. ಮನಿಗಿ ಮಂದಿ ಬರತಾರ, ತೋರಿಸಿ ತಂದ ಕೊಡತೀನಿ."

ಹೆತ್ತವಳಿಗೆ ಮಗಳ ಕೈಗುಣದ ಹೆಮ್ಮೆ ಎಂದು ಅಕ್ಕೋರು ಹಿಗ್ಗಿದರು. ಮಂದಿ ಎಂದರೆ ಎಲ್ಲಿಯ ಮಂದಿ ಎಂದು ಕೇಳುವ ಬುದ್ಧಿ ಆ ಹೊತ್ತಿಗೆ ಬರಲಿಲ್ಲ. ನೆಲದ ಮೇಲಿದ್ದ ಕೂಸನ್ನು ಎತ್ತಿ ಬದಿಗೆ ಮಲಗಿಸಿ, ಕೌದಿ ಜಾಡಿಸಿ, ಮಡಿಸಿ ಕೊಟ್ಟರು.

ಮರುದಿನ ಗುರಮ್ಮ ಕಣ್ಣು ಊದಿಸಿಕೊಂಡು ಬಂದಳು. ಹುಲಜಂತಿಯಿಂದ ಹೆಣ್ಣು ನೋಡಲು ಬೀಗರು ಬಂದು ಹೋಗಿದ್ದರು.

"ಅವರು ನನ್ನ ಮಾರಿ ಸುದ್ದಾ ನೋಡಲಿಲ್ರಿ ಅಕ್ಕೋರ. ಕೌದಿ ಹೊರಳಿಸಿ ಹೊರಳಿಸಿ ನೋಡಿದ್ರು."

ಅಕ್ಕೋರು ಸಾಲಿ ಬಿಟ್ಟೊಡನೆ ಹಟ್ಟಿಗೆ ನಡೆದರು. ಸುಗಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕೂಡ್ರಿ ಎಂದು ಕಂಬಳಿ ಹಾಸಿದಳು. ಮಗಳು ಬಾಗಿಲ ಬಳಿ ನಿಂತಿದ್ದಳು.

"ಸುಗಲಾಬಾಯಿ, ಲಗ್ನ ಬ್ಯಾಡ ಅನ್ನಲಿಕ್ಕೆ ಬಂದಿಲ್ಲ ನಾನು. ಪರೀಕ್ಷಾ ಒಂದ ಮುಗೀಲಿ. ಆಮ್ಯಾಲೆ ಬೇಕಾದ್ದ ಮಾಡ್ರಿ."

"ನಮ್ಮವರೂ ಹಂಗ ಅಂತಾರ್ರಿ. ಇಷ್ಟ ಕಲಿತಾಳ, ಒಂದ ಎರಡ ತಿಂಗಳಿಗಿ ಏನ ಆಕ್ಕೈತಿ ಅಂತ. ಬೀಗರನ್ನ ಕೇಳಿ ನೋಡತೀವಿ. ಮುಂದಿನ ಲಗ್ನಸರಾಯಕ್ಕ ಮಾಡೂಣು ಅಂದ್ರ ಒಲ್ಲೆ ಅನ್ನಾಕಿಲ್ಲ ಅವರು. ಕೌದಿ ಭಾಳ ಸೇರೈತಿ ಅವರಿಗಿ."

ಕೆಲಸ ಆಗಿಹೋಗಿತ್ತು. ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ಸಂತೋಷಕ್ಕೆ ಬುದ್ಧಿ ಇರುವುದಿಲ್ಲ. ದ್ವಾರಕಾಬಾಯಿ ಗುರಮ್ಮನನ್ನು ಹತ್ತಿರ ಕರೆದು, ಅವಳ ತಲೆಯ ಮೇಲೆ ಕೈಯಿಟ್ಟು, ಬಾಯಿ ತುಂಬ ಹೇಳಿದರು:

"ನೋಡ್ತಿರ್ರಿ, ನಿಮ್ಮ ಮಗಳು ನನ್ನಂಗ ಆಗತಾಳ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಸುಗಲಾಬಾಯಿ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಮಗಳ ತೋಳು ಹಿಡಿದು, ಅಕ್ಕೋರ ಕೈಕೆಳಗಿನಿಂದ ಈಚೆಗೆ ಎಳೆದುಕೊಂಡಳು. ಅವಳ ಕಣ್ಣು ಅಕ್ಕೋರ ಬರಿ ಹಣೆಯ ಮೇಲಿತ್ತು, ಅಲ್ಲಿಂದ ಬರಿ ಕೈಗೆ ಇಳಿಯಿತು.

"ನಿಮ್ಮ ಕಾಲ ಬೀಳತೀನ್ರಿ ಅಕ್ಕೋರ, ಆ ಮಾತ ಅನಬ್ಯಾಡ್ರಿ. ದೀಪಾ ಹಚ್ಚೂ ಹೊತ್ತಿನ್ಯಾಗ ಅನಬ್ಯಾಡ್ರಿ. ನಿಮ್ಮಂಗ ಆಗಲಿ ಅಂತ ಯಾ ತಾಯಿ ಹರಕಿ ಹೊರತಾಳ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದ್ವಾರಕಾಬಾಯಿ ತಮ್ಮನ್ನು ತಾವು ಅಕ್ಕೋರು ಎಂದುಕೊಂಡಿದ್ದರು. ಊರು ಅವರನ್ನು ಮೊದಲು ಗಂಡ ಸತ್ತವಳು ಎಂದುಕೊಂಡಿತ್ತು, ಅಕ್ಕೋರು ಎಂಬುದು ಆಮೇಲಿನ ಮಾತು. ಇಷ್ಟು ವರ್ಷ ಕಲಿಸಿಯೂ ತಾನು ಈ ಒಂದು ಪಾಠ ಕಲಿಯಲಿಲ್ಲವಲ್ಲ ಎಂದು ಅವರು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು.

ಮರುದಿನ ಹಟ್ಟಿಯವರು ಬೀರೋಬನ ಗುಡಿಗೆ ಹೋಗಿ, ಅಪಶಕುನ ಕಳೆಯಲೆಂದು ಗುರಮ್ಮನಿಗೆ ಭಂಡಾರ ಹಚ್ಚಿಸಿಕೊಂಡು ಬಂದರು. ಮಾತು ತಾಗುವ ಮೊದಲೇ ಕೊರಳಿಗೆ ತಾಳಿ ಬೀಳಬೇಕು ಎಂದು ತಾಯಿ ಹಟ ಹಿಡಿದಳು. ತಿಂಗಳು ಎರಡು ತಿಂಗಳು ಎನ್ನುತ್ತಿದ್ದ ಹಣಮಂತಪ್ಪನೇ ಬೀಗರಿಗೆ ಹೇಳಿಕಳಿಸಿದ. ಯುಗಾದಿಗೆ ಮೊದಲೇ ಲಗ್ನ ಗೊತ್ತಾಯಿತು. ಗುರಮ್ಮ ಮತ್ತೆ ಸಾಲಿಯ ಕಡೆ ಬರಲಿಲ್ಲ, ಕೌದಿಯೂ ಬರಲಿಲ್ಲ.

ಲಗ್ನದ ಕರೆ ಬಂದದ್ದು ಹೆಡ್ ಮಾಸ್ತರ ಸಾತಲಿಂಗಪ್ಪನವರ ಮೂಲಕ. "ಊಟಕ್ಕ ಬರ್ರಿ ಅಂದಾರ ಅಕ್ಕೋರ," ಎಂದು ನೆಲ ನೋಡುತ್ತ ಹೇಳಿದರು, "ತಾಳಿ ಕಟ್ಟಿ ಅಕ್ಕಿಕಾಳ ಬಿದ್ದ ಮ್ಯಾಲೆ."

ಅಕ್ಕೋರು ಹೋಗಲಿಲ್ಲ. ಲಗ್ನದ ವಾಜಂತ್ರಿಯ ಸಪ್ಪಳ ಕೇಳುತ್ತ ಖೋಲಿಯ ನೆಲ ಸಾರಿಸಿದರು. ಸಾರಿಸಿದ್ದನ್ನೇ ಮತ್ತೆ ಸಾರಿಸಿದರು. ಆಮೇಲೆ ಬಾಗಿಲು ಹಾಕಿಕೊಂಡು ಜೋರಾಗಿಯೇ ಅತ್ತರು.

ಜೂನಿನಲ್ಲಿ ಸಾಲಿ ತೆರೆದಾಗ ಅವರು ಸೂಜಿಯ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬಂದರು. ಇನ್ನು ಬರೀ ಓದು, ಬರೀ ಲೆಕ್ಕ. ಸೂಜಿಯೇ ತನ್ನ ಹುಡುಗಿಯನ್ನು ಕಸಿದುಕೊಂಡಿತು ಎಂದು ಅವರ ಸಿಟ್ಟು. ವಾರ ಮುಗಿಯುವುದರೊಳಗೆ ಪಡಸಾಲೆಯಲ್ಲಿ ಉಳಿದದ್ದು ಮೂರು ಹುಡುಗಿಯರು ಮತ್ತು ಖಾಲಿ ಜೋಳಿಗೆ.

"ಹಿಂಗಾದ್ರ ಸಾಲಿ ಮುಚ್ಚಿ ಹೋಗತೈತಿ, ಅಕ್ಕೋರ," ಎಂದರು ಸಾತಲಿಂಗಪ್ಪನವರು. ಸುಳ್ಳಲ್ಲ. ಸೋಮವಾರ ಅಕ್ಕೋರು ಪೆಟ್ಟಿಗೆ ಹೊತ್ತು ತಂದರು.

ಸುದ್ದಿ ಓಣಿ ಓಣಿ ಮುಟ್ಟಿತು. ಅಷ್ಟೇ ಅಲ್ಲ, ಅಕ್ಕೋರ ಕೈಯಲ್ಲಿ ಹೊಲಿಗೆ ಕಲಿತ ಗುರಮ್ಮನನ್ನು ಹುಲಜಂತಿಯವರು ಕೇಳಿಕೊಂಡು ಬಂದು ಮಾಡಿಕೊಂಡರು ಎಂಬುದೂ ಊರೆಲ್ಲ ಹಬ್ಬಿತ್ತು. ಎಂದೂ ಸಾಲಿಯ ಮುಖ ನೋಡದ ತಾಯಂದಿರು ಹೆಣ್ಣುಮಕ್ಕಳನ್ನು ಕರೆತಂದರು. ಮಾಸ್ತರಿಗೆ ಹಿಗ್ಗೋ ಹಿಗ್ಗು. ಆ ಗದ್ದಲದಲ್ಲಿ ಸುಗಲಾಬಾಯಿಯೂ ಬಂದಳು, ಕಿರಿಮಗಳು ಸಕ್ಕುವನ್ನು ಮುಂದೆ ಮಾಡಿಕೊಂಡು.

ಅಕ್ಕೋರು ಹೆಸರು ಬರೆಯಲು ಟಾಕಿನ ಲೇಖನಿ ಎತ್ತಿದರು. ಸುಗಲಾಬಾಯಿ ತಡೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು.

"ಸಿಟ್ಟಾಗಬ್ಯಾಡ್ರಿ. ಹೆಸರ ಮಾಸ್ತರು ಬರೀಲಿ. ಹೊಲಿಗಿ ನೀವ ಕಲಸ್ರಿ."

ಅಕ್ಕೋರು ಲೇಖನಿಯನ್ನು ಮಾಸ್ತರ ಕಡೆ ಸರಿಸಿದರು.

"ಗುರಮ್ಮ ಹೆಂಗಿದ್ದಾಳ?"

"ಛಲೋ ಅದಾಳ್ರಿ. ಕುರಿ ಹಿಂದ ಹೋಗ್ಯಾಳ, ಭೀಮಾ ದಂಡಿ ಕಡೆ."

"ಕೌದಿ?"

"ಅತ್ತಿ ಹೊದ್ಕೋತಾಳಂತ್ರಿ. ಒಂದ ಮೂಲಿ ಹಂಗ ಬಿಟ್ಟಿದ್ರಲ್ಲ, ಹೋಳಿಗಿ ಇಟ್ಟ ನಾನ ಹೊಲದ ಕೊಟ್ಟೆ. ಅರಿಷ್ಟ ನೋಡ್ರಿ, ಹಂಗ ಬಿಡಬಾರದು."

ಸುಗಲಾಬಾಯಿ ಹೋದಳು. ಸಕ್ಕು ಗೋಡೆಗೆ ಆತು ನಿಂತಿದ್ದವಳು ಮೆಲ್ಲಗೆ ಬಂದು ಕೈಚಾಚಿದಳು.

"ಅಕ್ಕೋರ, ನನಗೂ ಕಲಸ್ರಿ. ನಾ ನಮ್ಮ ಅಕ್ಕನಂಗ ಆಗತೀನಿ."

ಅಕ್ಕನಂತೆ ಬೇಡ ಎಂಬ ಮಾತು ದ್ವಾರಕಾಬಾಯಿಯ ನಾಲಿಗೆಯ ತುದಿಗೆ ಬಂತು. ಮತ್ತೆ ಯಾರಂತೆ ಎಂದು ಹುಡುಗಿ ಕೇಳಿದರೆ ಹೇಳಲು ಅವರ ಹತ್ತಿರ ಇನ್ನೊಂದು ಹೆಸರಿರಲಿಲ್ಲ. ಚಿಂದಿ ಗಂಟು ಬಿಚ್ಚಿ ಒಂದು ಕೆಂಪು ತುಂಡು ತೆಗೆದರು, ಸೂಜಿಗೆ ದಾರ ಪೋಣಿಸಿದರು, ಹುಡುಗಿಯ ಕೈಗೆ ಕೊಟ್ಟರು.