ಚೊಕ್ಕಣ್ಣನ ನೇರಳೆ ದೀಪ

ನಮ್ಮ ಭಾವನ ಬಗ್ಗೆ ಒಳ್ಳೆಯ ಮಾತು ಬೇಕಾದವರು ಬೇರೆ ಯಾರನ್ನಾದರೂ ಕೇಳಲಿ. ಹೊಗಳಿ ಅಟ್ಟಕ್ಕೇರಿಸುವವರು ಕಾರ್ಖಾನೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ನಾನು ಅವರ ಹೆಂಡತಿಯ ತಂಗಿ. ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ನನ್ನ ವಾಸ, ಅವರದೇ ಕಾರ್ಖಾನೆಯ ಸ್ಟೋರಿನ ಕಿಟಕಿಯಲ್ಲಿ ನನ್ನ ಕೆಲಸ. ಹಾಗಾಗಿ ಆ ಮನುಷ್ಯನ ಎರಡು ಮುಖವನ್ನೂ ದಿನಾ ನೋಡಿದವಳು ನಾನೊಬ್ಬಳೇ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಕಟ್ಟಿದವರು ಇವರನ್ನು ನೋಡಿಯೇ ಕಟ್ಟಿರಬೇಕು.

ಕಾರ್ಖಾನೆಯಲ್ಲಿ ಅವರನ್ನು ಚೊಕ್ಕಣ್ಣ ಅನ್ನುತ್ತಿದ್ದರು. ಕೆಲಸವೇ ಹಾಗಿತ್ತು. ಬೂಸ್ಟರ್ ಪಂಪ್ ಅಂದರೆ ದೊಡ್ಡ ಸಿಲಿಂಡರಿನ ಅನಿಲವನ್ನು ಎಳೆದುಕೊಂಡು, ಒತ್ತಿ ಒತ್ತಿ, ಚಿಕ್ಕ ಸಿಲಿಂಡರಿಗೆ ಬಿಗಿಯಾಗಿ ತುಂಬುವ ಯಂತ್ರ. ನಮ್ಮಲ್ಲಿಗೆ ಬರುತ್ತಿದ್ದವು ಬೇರೆ ಕಡೆ ನೈಟ್ರೋಜನ್ ತುಂಬಿ ದುಡಿದು ಬಂದ ಪಂಪುಗಳು. ಅವನ್ನು ಆಕ್ಸಿಜನ್ ತುಂಬುವುದಕ್ಕೆ ಬದಲಾಯಿಸಿ ಕೊಡುತ್ತಿದ್ದೆವು. ನೈಟ್ರೋಜನ್ ಸಾಧುಪ್ರಾಣಿ, ಒಳಗೆ ಗ್ರೀಸಿದ್ದರೂ ಎಣ್ಣೆಯಿದ್ದರೂ ತನ್ನ ಪಾಡಿಗೆ ತಾನಿರುತ್ತದೆ. ಆಕ್ಸಿಜನ್ ಹಾಗಲ್ಲ. ಅಷ್ಟು ಒತ್ತಡದಲ್ಲಿ ಅದಕ್ಕೆ ಒಂದು ಬೆರಳಿನ ಜಿಡ್ಡು ಸಿಕ್ಕರೂ ಸಾಕು, ಕಡ್ಡಿ ಗೀರುವವರು ಬೇಡ, ಒತ್ತಿದ ಬಿಸಿಗೇ ಹೊತ್ತಿಕೊಳ್ಳುತ್ತದೆ. ಒಮ್ಮೆ ಹೊತ್ತಿದರೆ ಕಬ್ಬಿಣವೂ ಕಾಗದದಂತೆ ಉರಿಯುತ್ತದೆ.

ಅದಕ್ಕೇ ಪಂಪನ್ನು ತಿರುಪು ತಿರುಪಾಗಿ ಬಿಚ್ಚಬೇಕು. ಸಂದುಗಳಲ್ಲಿ ಅನಿಲ ಸೋರದಂತೆ ತಡೆಯುವ ಹಳೆಯ ಸೀಲುಗಳನ್ನೆಲ್ಲ ಎಸೆಯಬೇಕು. ಉಳಿದ ಭಾಗಗಳನ್ನು ಜಿಡ್ಡು ಕರಗಿಸುವ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆದು ಒಣಗಿಸಬೇಕು. ಆಮೇಲೆ ಕತ್ತಲೆ ಕೋಣೆಗೆ ಒಯ್ದು ನೇರಳೆ ದೀಪ ಹಿಡಿಯಬೇಕು. ಎಲ್ಲಾದರೂ ಎಣ್ಣೆ ಉಳಿದಿದ್ದರೆ ಆ ಬೆಳಕಿಗೆ ಮಿಣಮಿಣ ಹೊಳೆಯುತ್ತದೆ. ಏನೂ ಹೊಳೆಯದಿದ್ದರೆ ಮಾತ್ರ ಆಕ್ಸಿಜನ್‌ಗೆ ಆಗಿಬರುವ ಹೊಸ ಸೀಲು ಹಾಕಿ, ಅದಕ್ಕೆಂದೇ ಇರುವ ಬೇರೆ ಗ್ರೀಸು ಸವರಿ ಜೋಡಿಸುವುದು. ಕೈಗವಸು ಇಲ್ಲದ ಬೆರಳು ತೊಳೆದ ಭಾಗವನ್ನು ತಾಗಕೂಡದು. ಎಷ್ಟೇ ಉಜ್ಜಿ ತೊಳೆದರೂ ಮನುಷ್ಯನ ಚರ್ಮದಲ್ಲಿ ಜಿಡ್ಡು ಇದ್ದೇ ಇರುತ್ತದೆ. ದೀಪ ಹಿಡಿದವರದೇ ಕೊನೆಯ ಮಾತು, ಕಾರ್ಖಾನೆಯ ಯಜಮಾನರೂ ಅದಕ್ಕೆ ಎದುರಾಡುತ್ತಿರಲಿಲ್ಲ. ದೀಪ ನಮ್ಮ ಭಾವನ ಕೈಯಲ್ಲಿತ್ತು.

ಈ ಚೊಕ್ಕತನವನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಮಹಾರಾಯರು ಅದನ್ನು ಮನೆಗೂ ಹೊತ್ತು ತಂದರು. ಅಕ್ಕ ಮದುವೆಯಾಗಿ ಬಂದಾಗ ಸೊಂಟ ದಾಟುವ ಜಡೆಯಿತ್ತು. ಎಣ್ಣೆ ಹಚ್ಚಕೂಡದು ಅಂತ ಕಟ್ಟಪ್ಪಣೆಯಾಯಿತು. ಜಡೆ ಪೊರಕೆಯಾಯಿತು, ಆಮೇಲೆ ಅದೂ ಇಲ್ಲವಾಯಿತು. ಮಗ ಹುಟ್ಟಿದಾಗ ಅಕ್ಕ ಎಲ್ಲ ತಾಯಂದಿರಂತೆ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದಳು. ಭಾವ ಆ ಕೂಸನ್ನು ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ" ಅಂದು ಕೆಲಸಕ್ಕೆ ಹೋಗುತ್ತಿದ್ದರು. ಮಗು ನಡೆಯಲು ಕಲಿತು ತಾನೇ ಹೋಗಿ ಅಪ್ಪನ ಕಾಲು ತಬ್ಬಿಕೊಂಡಿತು. ಅವರು ಮೊದಲು ಮಾಡಿದ್ದು ಪ್ಯಾಂಟು ಬದಲಾಯಿಸಿದ್ದು.

ಆ ಮಗುವೇ ಬೆಳೆದು, ಮೀಸೆ ಬಂದು, ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಅಪ್ಪನ ಪಕ್ಕದಲ್ಲಿ ನಿಂತ. ಎಷ್ಟೋ ಕೆಲಸ ಇತ್ತು ಊರಲ್ಲಿ, ಇವನಿಗೆ ಇದೇ ಬೇಕಿತ್ತು. ತೊಳೆಯುವುದು, ಜೋಡಿಸುವುದು ಮಗ. ದೀಪ ಹಿಡಿದು ಪಾಸು ಮಾಡುವುದು ಅಪ್ಪ. ಒಂದು ಸಲ ಕವಾಟದ ಅಂಚಿನಲ್ಲಿ ಎಳೆಯಷ್ಟು ಜಿಡ್ಡು ಹೊಳೆಯಿತಂತೆ. ಊಟದ ಹೊತ್ತಿನಲ್ಲಿ ಎಲ್ಲರೂ ಕೂತಿದ್ದಾಗ ಮಗನ ಕೈ ಹಿಡಿದೆತ್ತಿ ತೋರಿಸಿದರು.

"ನೋಡ್ಕೊಳ್ರಪ್ಪ. ಇದು ನನ್ನ ಮಗನ ಕೈ. ಹಂದಿಗೈ."

ಅವತ್ತಿನಿಂದ ಕಾರ್ಖಾನೆಯಲ್ಲಿ ಅವನಿಗೆ ಹಂದಿಗೈ ಅನ್ನುವುದೇ ಹೆಸರಾಯಿತು. ಅವನು ನಗುತ್ತಿದ್ದ. ಅವನ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಹೇಳುವುದು ನನಗೆ ತಡವಾಗಿ ಗೊತ್ತಾದ ವಿಷಯ, ಆದರೆ ನೀವು ಮೊದಲೇ ತಿಳಿದಿರುವುದು ಒಳ್ಳೆಯದು. ಭಾವನ ಕಣ್ಣು ಮಂಜಾಗುತ್ತ ಬಂದಿತ್ತು. ಹಗಲು ಹೇಗೋ ನಡೆಯುತ್ತಿತ್ತು. ಕತ್ತಲೆ ಕೋಣೆಯಲ್ಲಿ, ಆ ನೇರಳೆ ಬೆಳಕಿನಲ್ಲಿ, ಏನೂ ಹೊಳೆಯುತ್ತಿರಲಿಲ್ಲ. ಅಂದರೆ ಎಲ್ಲ ಪಂಪೂ ಚೊಕ್ಕವಾಗಿಯೇ ಕಾಣುತ್ತಿದ್ದವು. ಕದ್ದು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಅವರು ಕೊಟ್ಟ ಮುಲಾಮಿನ ಟ್ಯೂಬು ಒಳ ಜೇಬಿನಲ್ಲಿರುತ್ತಿತ್ತು. ಬಚ್ಚಲಿನ ಚಿಲಕ ಹಾಕಿಕೊಂಡು ಬೆರಳಿನಿಂದ ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರು. ಹೆಂಡತಿಯ ತಲೆಗೆ ಎಣ್ಣೆ ತಾಗಬಾರದೆಂದ ಮನುಷ್ಯ ಇವರೇ. ಬಟ್ಟೆ ಒಗೆಯುವಾಗ ಟ್ಯೂಬು ಸಿಕ್ಕಿ ಅಕ್ಕ ಕೇಳಿದ್ದಾಳೆ.

"ಏನ್ರೀ ಇದು? ಕಣ್ಣು ಕಾಣ್ತಿಲ್ವಾ? ಹಾಗಿದ್ರೆ ಮಗನ ಕೈಗೆ ದೀಪ ಕೊಟ್ಬಿಡಿ."

"ಆ ಹಂದಿಗೈಗೆ ದೀಪ ಕೊಡೋದು ನಾನು ಸತ್ತ ಮೇಲೆ. ಈ ಮಾತು ಹೊಸಿಲು ದಾಟಿದ್ರೆ ನೀನೂ ದಾಟ್ತೀಯ, ತಿಳ್ಕೋ."

ಅಕ್ಕ ಸುಮ್ಮನಾದಳು. ಅವಳಿಗೆ ಅದೊಂದು ಚೆನ್ನಾಗಿ ಅಭ್ಯಾಸವಾಗಿತ್ತು.

ಕಣ್ಣು ಕೈಕೊಟ್ಟ ಮೇಲೆ ಭಾವ ಒಂದು ಉಪಾಯ ಕಂಡುಕೊಂಡರು. ದೀಪ ಹಚ್ಚಿಟ್ಟು, ಬಾಗಿಲು ಮುಂದೆ ಮಾಡಿ, ಬಲಗೈಯ ಗವಸು ಬಿಚ್ಚಿ, ತೊಳೆದ ಭಾಗದ ಮೇಲೆ ಬೆರಳಾಡಿಸಿ ನೋಡುವುದು. ಜಾರಿದರೆ ಜಿಡ್ಡು, ತಡೆದರೆ ಚೊಕ್ಕ. ಬೇರೆ ಯಾವ ಕೆಲಸದಲ್ಲಾದರೂ ಅದನ್ನು ಅನುಭವ ಅನ್ನುತ್ತಾರೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ, ಹಾಗಂತ ಊರಿಗೆಲ್ಲ ಪಾಠ ಹೇಳಿದವರೂ ಅವರೇ. ಜಿಡ್ಡು ಇದೆಯೋ ಇಲ್ಲವೋ ನೋಡಲು ಹೋಗಿ ತಾವೇ ಜಿಡ್ಡು ಹಚ್ಚಿ ಬರುತ್ತಿದ್ದರು. ಕೆಲವು ಪಂಪು ಹಾಗೇ ಹೋದವು, ಏನೂ ಆಗಲಿಲ್ಲ. ಅದೃಷ್ಟ ಅನ್ನಬೇಕು. ಅವರು ಅದನ್ನು ತಮ್ಮ ಬೆರಳಿನ ಜಾಣತನ ಅಂದುಕೊಂಡರು.

ಆ ದಿನದ ಪಂಪು ಆಸ್ಪತ್ರೆಯೊಂದಕ್ಕೆ ಹೋಗುವುದಿತ್ತು. ಮಗ ತೊಳೆದುಕೊಟ್ಟ, ಅಪ್ಪ ಕತ್ತಲೆ ಕೋಣೆಗೆ ಹೋಗಿ ಬಂದು "ಪಾಸು" ಅಂದರು. ಹೊಸ ಸೀಲುಗಳ ಪೊಟ್ಟಣ ಕೊಡಲು ನಾನು ಕಿಟಕಿಯಲ್ಲಿ ನಿಂತಿದ್ದೆ. ಮಗ ಪೊಟ್ಟಣ ತೆಗೆದುಕೊಂಡವನು ಅಲ್ಲೇ ತಡವರಿಸಿದ.

"ಅಪ್ಪ, ಆ ಪಿಸ್ಟನ್ ಕೊಳವೆ ಒಂದು ಇನ್ನೊಂದ್ಸಲ ತೊಳೆದು ಕೊಡ್ಲಾ?"

"ಯಾಕೆ? ನಾನು ನೋಡಿದ್ದು ಸಾಲ್ಲಿಲ್ವಾ?"

"ಹಾಗಲ್ಲಪ್ಪ... ಸುಮ್ನೆ."

"ತೊಳೆದೋನು ನೀನು. ಅನುಮಾನ ಪಡೋದಿದ್ರೆ ನಿನ್ನ ಕೈ ಮೇಲೆ ಪಡು. ಹೋಗು, ಜೋಡ್ಸು."

ಅವನು ನನ್ನ ಮುಖ ನೋಡಿದ. ಅಪ್ಪನ ಬೈಗುಳಕ್ಕೆ ಮುಜುಗರವಾಗಿರಬೇಕು ಅಂದುಕೊಂಡು ನಾನು ಕಣ್ಣು ತಗ್ಗಿಸಿದೆ. ಅವನು ಹೋಗಿ ಜೋಡಿಸಿದ.

ಮೊದಲು ನೈಟ್ರೋಜನ್ ಬಿಟ್ಟು ಸೋರಿಕೆ ನೋಡಿದರು, ಎಲ್ಲ ಸರಿಯಿತ್ತು. ಆಮೇಲೆ ಆಕ್ಸಿಜನ್ ಕೊಟ್ಟರು. ಕವಾಟವನ್ನು ನಿಧಾನವಾಗಿ ತೆರೆಯಬೇಕು, ಜೋರಾಗಿ ತೆರೆದರೆ ಒಳಗೆ ಬಿಸಿ ಏರುತ್ತದೆ. ಮಗ ನಿಧಾನವಾಗಿಯೇ ತೆರೆದ, ಅದನ್ನು ನಾನು ನನ್ನ ಕಣ್ಣಾರೆ ಕಂಡೆ. ಪಂಪು ಟಕ್ ಟಕ್ ಅಂತ ಕೆಲವು ಸಲ ಬಡಿಯಿತು. ಗೇಜಿನ ಮುಳ್ಳು ಏರುತ್ತಿತ್ತು. ಅಷ್ಟರಲ್ಲಿ ಗೋಡೆಯೆಲ್ಲ ಬೆಳ್ಳಗಾಯಿತು. ಸದ್ದು ಆಮೇಲೆ ಬಂತೇನೋ ಅನ್ನಿಸಿತು ನನಗೆ. ಪಂಪಿನ ಒಂದು ತುದಿ ಕರಗಿ ಕಿತ್ತು ಹೋಗಿತ್ತು. ಅವನು ಕವಾಟ ಮುಚ್ಚಲು ಕೈ ಚಾಚಿಕೊಂಡೇ ನಿಂತಿದ್ದ, ಮುಚ್ಚಲು ಬೇಕಾದ ಬೆರಳುಗಳೇ ಇರಲಿಲ್ಲ.

ಬಲಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು. ಬಲಗೆನ್ನೆ, ಕಿವಿ ಬೆಂದಿದ್ದವು. ಬದುಕಿದ್ದೇ ಹೆಚ್ಚು ಅಂದರು ಡಾಕ್ಟರು.

ಯಜಮಾನರು ವಾರ್ಡಿಗೆ ಬಂದರು. ಮಂಚದ ಬುಡದಲ್ಲೇ ನಿಂತು ಭಾವನನ್ನು ಕೇಳಿದರು.

"ಏನಾಯ್ತು ಮೇಸ್ತ್ರಿ? ದೀಪಕ್ಕೆ ಹಿಡಿದಿದ್ರಿ ತಾನೇ?"

"ಹಿಡಿದಿದ್ದೆ ಸ್ವಾಮಿ. ಕನ್ನಡಿ ಥರ ಇತ್ತು. ಆಮೇಲೆ ಜೋಡ್ಸುವಾಗ ಮುಟ್ಟಿದಾನೆ. ಇವನ ಕೈ ಮೊದಲಿಂದ್ಲೂ ಹಾಗೇ ಅಂತ ನಿಮಗೇ ಗೊತ್ತಲ್ಲ."

ಬ್ಯಾಂಡೇಜಿನ ಒಳಗೆ ಮಗನಿಗೆ ಎಚ್ಚರವಿತ್ತು. ಎಡಗಣ್ಣು ತೆರೆದೇ ಇತ್ತು. ಯಜಮಾನರು ನಿಟ್ಟುಸಿರು ಬಿಟ್ಟು, ಗುಣವಾದ ಮೇಲೂ ಇವನು ಕೆಲಸಕ್ಕೆ ಬರುವುದು ಬೇಡ ಅಂದರು. ಇಂಥ ಕೈಯವನನ್ನು ಇನ್ನು ಯಾವ ಕಾರ್ಖಾನೆಯವರೂ ಸೇರಿಸಿಕೊಳ್ಳುವುದಿಲ್ಲ ಅಂತ ಭಾವನೇ ದನಿಗೂಡಿಸಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಕೈ ತೊಳೆದು ಇನ್ನೊಂದು ಪಂಪಿಗೆ ದೀಪ ಹಿಡಿಯಲು ಹೋದರು.

ಆ ಸಂಜೆ ಅಕ್ಕ ಅಡುಗೆಮನೆಯಲ್ಲಿ ಟ್ಯೂಬನ್ನು ನನ್ನ ಕೈಗಿಟ್ಟಳು.

"ಅವರಿಗೆ ಕಣ್ಣು ಕಾಣಲ್ಲ ಕಣೇ. ವರ್ಷದ ಮೇಲಾಯ್ತು."

ನಾನು ಅವಳನ್ನು ಬೈದೆ, ಬಾಯಿಗೆ ಬಂದಂತೆ ಬೈದೆ.

ಕಾರ್ಖಾನೆಯಲ್ಲಿ ಮಾರನೆಯ ದಿನ ನಾನು ಮಾಡಿದ್ದು ಒಳ್ಳೆಯವರು ಮಾಡುವ ಕೆಲಸವಲ್ಲ. ಯಜಮಾನರನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಹೇಳಲಿಲ್ಲ. ಲೇತಿನವರು, ವೆಲ್ಡಿಂಗಿನವರು, ಲಾರಿಗೆ ಹೇರುವವರು ಎಲ್ಲರನ್ನೂ ಕತ್ತಲೆ ಕೋಣೆಯ ಬಾಗಿಲಿಗೆ ಕರೆದೆ. ಒಂದು ಸ್ಟೀಲ್ ತಟ್ಟೆಗೆ ಲೇತಿನ ಎಣ್ಣೆಯಲ್ಲಿ ಅದ್ದಿದ ನನ್ನ ಹೆಬ್ಬೆರಳನ್ನು ಉದ್ದಕ್ಕೂ ಒತ್ತಿ ಭಾವನ ಮುಂದಿಟ್ಟೆ.

"ಭಾವ, ಇದೊಂದು ನೋಡಿ ಹೇಳಿ. ಪಾಸಾ, ಫೇಲಾ?"

ಅವರಿಗೆ ಸಂಶಯ ಬಂತು. ಆದರೆ ಅಷ್ಟು ಜನರ ಎದುರು ಒಲ್ಲೆ ಅನ್ನುವಂತಿರಲಿಲ್ಲ. ದೀಪ ಹಚ್ಚಿದರು. ತಟ್ಟೆಯ ತುಂಬ ನನ್ನ ಹೆಬ್ಬೆರಳು ಹೊಳೆಯುತ್ತಿತ್ತು, ಬಾಗಿಲ ಹೊರಗೆ ನಿಂತವರಿಗೂ ಕಾಣುತ್ತಿತ್ತು. ಅವರು ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಮೂಗಿನ ಹತ್ತಿರ ತಂದರು. ಬಲಗೈ ತಾನಾಗಿಯೇ ಗವಸು ಬಿಚ್ಚಲು ಹೋಗಿ ನಿಂತಿತು. ಇಷ್ಟು ದಿನ ಬರಿಬೆರಳಿನಿಂದ ನೋಡುತ್ತಿದ್ದರು ಅಂತ ನನಗೆ ಆಗ ಅರ್ಥವಾಯಿತು.

"ಪಾಸು" ಅಂದರು.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಯಜಮಾನರು ಬಂದು ಅವರ ಕೈಯಿಂದ ದೀಪ ತೆಗೆದುಕೊಂಡರು. ಭಾವ ಬಾಗಿಲು ತಡವಿಕೊಂಡು ಹೊರಗೆ ಹೋದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮನೆ ಸೇರಿದವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಎರಡು ತುತ್ತು ತಿಂದು ಏಳುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಹೆಂಡತಿಯ ಹತ್ತಿರವಾಗಲಿ ಮಗನ ಹತ್ತಿರವಾಗಲಿ ನನ್ನಿಂದ ತಪ್ಪಾಯಿತು ಅಂದರೆ ಸಾಕಿತ್ತು. ಅಕ್ಕ ಅದೊಂದಕ್ಕೇ ಕಾದಿದ್ದಳು. ಮಗ ಮನೆಗೆ ಬರಲಿ, ಅವನ ಮುಖ ಕಂಡರೆ ಕರಗುತ್ತಾರೆ ಅಂತ ನನಗೆ ಹೇಳುತ್ತಿದ್ದಳು.

ಮಗ ಆಸ್ಪತ್ರೆಯಿಂದ ಬಂದ. ಅಕ್ಕ ಅವನನ್ನು ಅಪ್ಪನ ಎದುರೇ ಕೂರಿಸಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನನ್ನ ಬಾಯಿ ಸುಮ್ಮನಿರಲಿಲ್ಲ.

"ನಿನ್ನ ತಪ್ಪಲ್ಲ ಕಣೋ ಅದು. ನಿಮ್ಮಪ್ಪಂಗೆ ಕಣ್ಣೇ ಕಾಣ್ತಿರ್ಲಿಲ್ಲ. ಬರಿಬೆರಳು ಹಾಕಿ ನೋಡ್ತಿದ್ರು. ಎಲ್ರ ಮುಂದೆ ಬಯಲು ಮಾಡ್ದೆ."

ಅವನು ನುಂಗಿ ಮುಗಿಸಿ ಹೇಳಿದ. "ಗೊತ್ತಿತ್ತು ಚಿಕ್ಕಮ್ಮ."

"ಏನು ಗೊತ್ತಿತ್ತು?"

"ಅವತ್ತು ಬಾಗಿಲ ಸಂದಿಯಲ್ಲಿ ಕಂಡಿದ್ದೆ. ಗವಸು ಇರ್ಲಿಲ್ಲ. ಆ ಬೆಳಕಿಗೆ ಅಪ್ಪನ ಉಗುರು ಹೊಳೀತಿತ್ತು. ಬೆರಳ ತುದೀಲಿ ಇನ್ನೇನೋ ಹೊಳೀತಿತ್ತು."

ಅಕ್ಕನ ಕೈ ತಟ್ಟೆಯಲ್ಲೇ ಉಳಿಯಿತು. "ಮತ್ತೆ ಯಾಕೋ ಜೋಡ್ಸಿದೆ?"

"ಜೋಡ್ಸಲ್ಲ ಅಂದಿದ್ರೆ ಯಾಕೆ ಅಂತ ಕೇಳ್ತಿದ್ರು. ಅಪ್ಪಂಗೆ ಕಣ್ಣು ಕಾಣಲ್ಲ ಅಂತ ಎಲ್ರ ಮುಂದೆ ಹೇಳ್ಬೇಕಾಗ್ತಿತ್ತು. ಬೇರೆಯವ್ರನ್ನ ದೂರ ನಿಲ್ಸಿ ನಾನೇ ಕವಾಟ ಹಿಡಿದೆ. ಏನೂ ಆಗಲ್ಲ ಅಂದ್ಕೊಂಡೆ."

ಬೆರಳ ತುದಿಯಲ್ಲಿ ಹೊಳೆದದ್ದು ಆ ಕಣ್ಣಿನ ಮುಲಾಮೇ ಅಂತ ನನಗೆ ಗೊತ್ತಾಯಿತು. ಭಾವ ಗೋಡೆಯಿಂದ ಈ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ನೆಟ್ಟಗೆ ಕೂತರು. ಮುಖದಲ್ಲಿ ರಕ್ತ ಏರಿತ್ತು. ಈಗ ಮಗನ ತಲೆ ಮುಟ್ಟುತ್ತಾರೆ ಅಂದುಕೊಂಡೆ, ಅಕ್ಕನೂ ಹಾಗೇ ಅಂದುಕೊಂಡಿರಬೇಕು, ತಟ್ಟೆ ಸರಿಸಿ ಅವರಿಗೆ ಜಾಗ ಮಾಡಿದಳು.

"ನೋಡಿದ್ಮೇಲೂ ಜೋಡ್ಸಿದೆ ಅನ್ನು."

"ಹೂಂ ಅಪ್ಪ."

"ಜಿಡ್ಡಿದೆ ಅಂತ ಗೊತ್ತಿದ್ದೂ ಜೋಡ್ಸಿದೆ."

"ಹೂಂ."

"ಕೇಳಿಸ್ಕೊಂಡ್ರಲ್ಲ ಅಕ್ಕ ತಂಗಿ ಇಬ್ರೂ? ನನಗೆ ಕಾಣ್ಲಿಲ್ಲ, ಸರಿ. ಇವನಿಗೆ ಕಂಡಿತ್ತಲ್ಲ! ಹಾಗಾದ್ರೆ ತಪ್ಪು ಯಾರದು?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದನ್ನು ಕೇಳಿದ್ದೆ, ಕಂಡಿರಲಿಲ್ಲ. ನಾನು ಕಿರುಚಿದೆ, ಏನು ಕಿರುಚಿದೆನೋ ನೆನಪಿಲ್ಲ. ಮಗ ಎಡಗೈ ಎತ್ತಿ ನನ್ನನ್ನು ತಡೆದ.

"ನಂದೇ ತಪ್ಪು ಅಪ್ಪ" ಅಂದ.

"ಹಾಗೆ ಬಾ ದಾರಿಗೆ" ಅಂದರು ಭಾವ. ಬಚ್ಚಲಿಗೆ ಹೋಗಿ ಸೋಪು ಹಾಕಿ ಮೊಣಕೈಯವರೆಗೆ ಕೈ ತೊಳೆದು ಬಂದರು. ನಾಳೆಯೇ ಹೋಗಿ ಯಜಮಾನರಿಗೆ ಹೇಳುತ್ತೇನೆ, ಮಗನೇ ಒಪ್ಪಿಕೊಂಡ ಅನ್ನುತ್ತೇನೆ ಅಂತ ಹೇಳುತ್ತ ಮಗನ ಪಕ್ಕದಲ್ಲೇ ಊಟಕ್ಕೆ ಕೂತರು. ಅವತ್ತು ಎರಡು ಸಲ ಬಡಿಸಿಕೊಂಡು, ಚೆನ್ನಾಗಿದೆ ಅಂತ ಹೇಳಿ ಉಂಡರು. ಬಡಿಸಿದವಳು ನಮ್ಮಕ್ಕ.